ದರಕಿನಿಂದ ಬಳಚಿನವರೆಗೆ

ಶಿರಸಿ ತಾಲ್ಲೂಕಿನಲ್ಲಿ ಬಿದ್ದ ಮಳೆಗೆ ಮೂರು ದಾರಿ. ಬನವಾಸಿ ಕಡೆ ಬಿದ್ದದ್ದು ವರದೆಗಿಳಿದು, ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಇಡೀ ದಖ್ಖನ್ನನ್ನು ದಾಟಿ ಬಂಗಾಳಕೊಲ್ಲಿ ಮುಟ್ಟುತ್ತದೆ. ಸೋಂದೆ ಕಡೆಯದು ಶಾಲ್ಮಲೆ, ಬೇಡ್ತಿ, ಗಂಗಾವಳಿ ಎಂದು ಹೆಸರು ಬದಲಿಸುತ್ತ ಅಂಕೋಲೆಯ ಸಮುದ್ರ ಕಾಣುತ್ತದೆ. ಮೂರನೆಯದು ಅಘನಾಶಿನಿ. ಪೇಟೆಯ ಶಂಕರಹೊಂಡದಿಂದ ಹೊರಟ ದೋಣಿಹಳ್ಳ, ಮಂಜುಗುಣಿಯ ಕಡೆಯಿಂದ ಬಂದ ಬಾಕೂರುಹೊಳೆ, ಎರಡೂ ಮುತ್ತಳ್ಳಿಯ ಹತ್ತಿರ ಕೂಡಿದ ಮೇಲೆ ಹೊಳೆಗೆ ಹೊಳೆಯ ಮೈ ಬರುತ್ತದೆ. ಮೊದಲು ದಕ್ಷಿಣಕ್ಕೆ ಹೊರಟು, ಸಿದ್ದಾಪುರ ಸೀಮೆಯಲ್ಲಿ ಪಶ್ಚಿಮಕ್ಕೆ ಹೊರಳಿ, ಘಟ್ಟ ಧುಮುಕಿ, ಕುಮಟಾ ಮತ್ತು ಗೋಕರ್ಣದ ನಡುವೆ ತದಡಿಯಲ್ಲಿ ಸಮುದ್ರ ಸೇರುವಷ್ಟರಲ್ಲಿ ಸುಮಾರು 117 ಕಿಲೋಮೀಟರ್. ನಡುವೆ ಒಂದು ಅಣೆಕಟ್ಟೂ ಇಲ್ಲ.

ಉತ್ತರ ಕನ್ನಡದಲ್ಲಿ ಇದು ಸಣ್ಣ ಮಾತಲ್ಲ. ಉತ್ತರದ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲುಸಾಲು ಅಣೆಕಟ್ಟು. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ನಡುವಿನ ಅಘನಾಶಿನಿ ಇಂದಿಗೂ ತನ್ನ ಮಳೆಗಾಲವನ್ನು ತಾನೇ ಕೆಳಗೊಯ್ಯುತ್ತಿದೆ. ಅದನ್ನು ಕಂಡಾಗಲೆಲ್ಲ ಯಾರಾದರೊಬ್ಬರು ವೇದಿಕೆ ಹತ್ತಿ 'ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು' ಎನ್ನುತ್ತಾರೆ. ಬಯಲುಸೀಮೆಯ ಬರ ಕಂಡವರಿಗೆ ಆ ಮಾತು ಸರಿ ಎನಿಸುವುದೂ ಸಹಜ. ಘಟ್ಟದ ಮೇಲಿನವನಾದ ನನಗೂ ಬಹಳ ಕಾಲ ಹಾಗೇ ಅನಿಸಿತ್ತು. ಹೊಳೆ ನಮ್ಮ ತೋಟ ದಾಟಿದ ಮೇಲೆ ಅದರ ಕೆಲಸ ಮುಗಿಯಿತು ಎಂಬ ಲೆಕ್ಕ. ಕುಮಟೆಯ ಗಜನಿ ಗದ್ದೆಯಲ್ಲಿ ಮೊಣಕಾಲವರೆಗೆ ಕೆಸರಿಗಿಳಿದು, ಚಪ್ಪಲಿ ಕಳಕೊಂಡು, ಊರವರ ನಗೆಗೆ ಗುರಿಯಾದ ದಿನ ಆ ಲೆಕ್ಕ ತಪ್ಪಿತು.

ಬೆಟ್ಟ ಇದ್ದರೆ ತೋಟ

ಮೇಲಿನಿಂದಲೇ ಶುರು ಮಾಡೋಣ. ಶಿರಸಿ, ಸಿದ್ದಾಪುರದ ಹಳ್ಳಿಗಳಿಗೆ ಬಯಲುಸೀಮೆಯ ಹಾಗೆ ಒಂದು ನಡು, ಒಂದು ಅಗಸೆಬಾಗಿಲು, ಒಂದು ದೊಡ್ಡ ಬೀದಿ ಇರುವುದಿಲ್ಲ. ಇಲ್ಲಿ ಊರು ಎಂದರೆ ಒಂದು ಕಣಿವೆ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಅಂಚಿನಲ್ಲಿ ನಾಲ್ಕಾರು ಮನೆ, ಮನೆಯ ಬೆನ್ನಿಗೆ ಬೆಟ್ಟ. ಸ್ವಲ್ಪ ಅಗಲವಾದ ಕಡೆ ಗದ್ದೆ, ಬೋಳು ನೆತ್ತಿಯಲ್ಲಿ ದನ ಮೇಯುವ ಬೇಣ, ಅದರಾಚೆ ಕಾನು. ಮೇಲಿನ ಅಬ್ಬಿಯ ನೀರು ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಹರಿದು ಬಚ್ಚಲಿಗೆ ಬೀಳುತ್ತಿದ್ದ ಕಾಲವಿತ್ತು. ಈಗ ದಬ್ಬೆಯ ಜಾಗಕ್ಕೆ ಪೈಪು ಬಂದಿದೆ. ಇಳಿಜಾರು ಮಾತ್ರ ಅದೇ. ಎಲ್ಲಿ ನೀರು ಒಸರುತ್ತದೋ ಅಲ್ಲಿ ತೋಟ, ಎಲ್ಲಿ ತೋಟವೋ ಅಲ್ಲಿ ಮನೆ. ಆದ್ದರಿಂದಲೇ ಒಂದು ಊರಿನ ಮಜರೆಗಳು ಎರಡು ಮೂರು ಮೈಲಿ ಚದುರಿ, ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರವಿರುತ್ತವೆ.

ತೋಟದ ಬೇರು ಇರುವುದು ಬೆಟ್ಟದಲ್ಲಿ. ಅಡಿಕೆ ಬೇರು ಮೇಲೆ ಮೇಲೆ ಬರುವ ಜಾತಿ. ಬುಡಕ್ಕೆ ಆಗಾಗ ಹೊಸ ಮಣ್ಣು, ಗೊಬ್ಬರ ಬೀಳದಿದ್ದರೆ ಮರ ಸೊರಗುತ್ತದೆ. ಅದಕ್ಕೆ ಬೇಕಾದ ಸೊಪ್ಪು, ದರಕು (ಒಣಗಿದ ಎಲೆ) ಬರುವುದು ಸೊಪ್ಪಿನಬೆಟ್ಟದಿಂದ. ಮತ್ತಿ, ಹೊನ್ನೆ, ನಂದಿ, ಕಿಂದಳ, ನೇರಳೆಯ ಎಲೆ ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಸೆಗಣಿ ಗಂಜಲದೊಡನೆ ಕಳಿತು, ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಉದುರಿದ ದರಕನ್ನು ಗುಡಿಸಿ ಹೊರುವುದು ಬೇರೆಯೇ ಕೆಲಸ. ಬೆಟ್ಟದಿಂದ ಸೊಪ್ಪು ತರುವ ಈ ಹಕ್ಕನ್ನು ಬ್ರಿಟಿಷರ ಕಾಲದ ಅರಣ್ಯ ಇಲಾಖೆ ಕಾಗದಕ್ಕಿಳಿಸಿದಾಗ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಹೆಚ್ಚೆಂದರೆ ಒಂಬತ್ತು ಎಕರೆ ಬೆಟ್ಟ ಎಂದು ಲೆಕ್ಕ ಹಾಕಿತು. ಒಂದಕ್ಕೆ ಒಂಬತ್ತು! ಪಹಣಿಯಲ್ಲಿ ಒಂದೇ ಎಕರೆ ಕಂಡರೂ ರೈತ ನಡೆಸುವ ಭೂಮಿ ಹತ್ತು ಎಕರೆಯದು.

1801ರಲ್ಲಿ ಈ ದಾರಿಯಲ್ಲಿ ಬಂದ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕನನ್ ಕೂಡ ಸೋಂದೆ, ಶಿರಸಿಯ ಅಡಿಕೆ ಮತ್ತು ಮೆಣಸಿನ ತೋಟಗಳ ಬಗ್ಗೆ ಬರೆದುಕೊಂಡಿದ್ದಾನೆ. ಅವನಿಗಿಂತ ಎರಡು ಶತಮಾನ ಮೊದಲೇ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಇಂಥ ತೋಟಗಳ ಬಲದಿಂದಲೇ. ಈ ಹೊಳೆಯ ಹಿನ್ನೀರಿನ ಪಕ್ಕದ ಮಿರ್ಜಾನ ಕೋಟೆ ಆ ವ್ಯಾಪಾರದ ನೆನಪು. ಇತ್ತೀಚಿನ ಮುದ್ರೆ ಬೇಕೆಂದರೆ, 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ನೂರು ವರ್ಷ ದಾಟಿದೆ. ಬೆಳೆಗಾರ ಸಂಘಟಿತನಾಗಿರುವ ಸೀಮೆ ಇದು. ಹೊಳೆಯ ಪರವಾಗಿ ಇಲ್ಲಿ ದನಿ ಬೇಗ ಏಳುವುದಕ್ಕೆ ಅದೂ ಒಂದು ಕಾರಣ.

ಆದರೆ ಮೇಲಿನವರು ಹೊಳೆಗೆ ಮಾಡಿದ್ದೆಲ್ಲ ಒಳ್ಳೆಯದೇ ಎನ್ನಲಾರೆ. ಅಡಿಕೆಗೆ ಬೆಲೆ ಬಂದಂತೆಲ್ಲ ಗದ್ದೆ ತೋಟವಾಯಿತು. ಗದ್ದೆಯ ಕೆಲಸ ನೀರನ್ನು ನಿಲ್ಲಿಸುವುದು, ತೋಟದ ಬಸಿಗಾಲುವೆಯ ಕೆಲಸ ನೀರನ್ನು ಓಡಿಸುವುದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅದು ಒಂದೇ ದಿನದಲ್ಲಿ ಹಳ್ಳ ಸೇರುತ್ತದೆ. ಅದಕ್ಕೂ ಮೊದಲು ರಾಮಪತ್ರೆ ಜಡ್ಡಿಗಳು ಹೋದವು. ಬೇರುಗಳು ಮಂಡಿ ಮಡಚಿದಂತೆ ಕೆಸರಿನ ಮೇಲೆದ್ದು ಉಸಿರಾಡುವ ಆ ಜೌಗುಗಾಡು ಬೇಸಿಗೆಯಲ್ಲೂ ಒಸರುವ ಜಾಗ. ಅಂಥ ತಂಪಿನ ಜಾಗವೇ ತೋಟಕ್ಕೂ ಪ್ರಶಸ್ತವಾದ್ದರಿಂದ ಹಲವು ಜಡ್ಡಿಗಳು ಅಡಿಕೆಯಾದವು. ಸೊಪ್ಪಿನಬೆಟ್ಟದ ಕಥೆಯೂ ಮನೆಮನೆಗೆ ಬೇರೆ. ಅಗಳ ತೋಡಿ, ಸರದಿಯಂತೆ ಸೊಪ್ಪು ಕಡಿದು, ಬೆಟ್ಟವನ್ನು ಕಾಡಿನಂತೆಯೇ ಉಳಿಸಿಕೊಂಡವರಿದ್ದಾರೆ. ಮರಗಳನ್ನು ಕೋಲಿನಂತೆ ಬೋಳಿಸಿ, ಮೇಲ್ಮಣ್ಣೆಲ್ಲ ತೊಳೆದುಹೋಗಲು ಬಿಟ್ಟವರೂ ಇದ್ದಾರೆ. ಯಾರ ಬೆಟ್ಟ ಹೇಗಿದೆ ಎಂಬುದು ಮಾರ್ಚ್ ತಿಂಗಳಲ್ಲಿ ಅವರ ಬಾವಿಯಲ್ಲೇ ಕಾಣುತ್ತದೆ.

ಇದು ಊರವರ ಅನುಭವವಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಕುಮಟೆಯಲ್ಲೊಂದು ಕ್ಷೇತ್ರ ಕೇಂದ್ರ ಇಟ್ಟುಕೊಂಡು ವರ್ಷಗಳಿಂದ ಈ ಸೀಮೆಯ ಹಳ್ಳಗಳನ್ನು ಅಳೆದಿದೆ. ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಗಾರರು ಕಂಡದ್ದು ಇಷ್ಟು: ಜಲಾನಯನದ ಹೆಚ್ಚಿನ ಭಾಗದಲ್ಲಿ ಸಹಜ ಕಾಡು ಉಳಿದಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಹೋಗಿ ನೆಡುತೋಪೋ ಬೋಳುಗುಡ್ಡವೋ ಆದ ಕಡೆ ಮಳೆಗಾಲ ಮುಗಿದ ಕೆಲವೇ ತಿಂಗಳಲ್ಲಿ ಬತ್ತುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿನ ಕಡಿತ ತಡೆಯಲು ಮರ ಅಪ್ಪಿಕೊಂಡು ನಿಂತಾಗ ಅವರ ಕೈಯಲ್ಲಿ ಈ ಅಂಕಿಅಂಶ ಇರಲಿಲ್ಲ. ಅಬ್ಬಿಯ ನೀರು ಸಣ್ಣದಾಗಿದ್ದನ್ನು ಅವರು ಕಂಡಿದ್ದರು.

ಘಟ್ಟ ಇಳಿಯುವಾಗ

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ದಾಟಿ ಕಾಲುದಾರಿ ಹಿಡಿದರೆ ಉಂಚಳ್ಳಿ ಜಲಪಾತ. 116 ಮೀಟರ್ ಆಳಕ್ಕೆ ಹೊಳೆ ಬೀಳುತ್ತದೆ. 1845ರಲ್ಲಿ ಇದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ನನ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಉಳಿಯಿತು. ಊರವರು ಇಟ್ಟ ಹೆಸರು ಕೆಪ್ಪಜೋಗ. ಅದರ ಸದ್ದಿನಲ್ಲಿ ಪಕ್ಕದವನ ಮಾತು ಕೇಳದು. ಎರಡು ಹೆಸರಿನಲ್ಲಿ ಯಾವುದು ಹೆಚ್ಚು ನಿಜ ಎಂದು ಜುಲೈ ತಿಂಗಳಲ್ಲಿ ಅಲ್ಲಿ ನಿಂತವರೇ ಹೇಳಬೇಕು.

ಈ ಕೊಳ್ಳದಲ್ಲಿ ರೈತನಿಗಿಂತ ಕಾಡಿನದೇ ಹೆಚ್ಚು ಅಧಿಕಾರ. ಸಿಂಗಳೀಕದ ನೆಲೆಗೆ ಉತ್ತರದ ಗಡಿ ಇದೇ. ಅದಕ್ಕಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು, ಸುಮಾರು 300 ಚದರ ಕಿಲೋಮೀಟರ್. ಸಿಂಗಳೀಕಕ್ಕೂ ಊರವರಿಗೂ ಒಂದೇ ಹಣ್ಣಿನ ಮೇಲೆ ಕಣ್ಣು: ಉಪ್ಪಾಗೆ. ಬೆಲೆ ಏರಿದ ವರ್ಷ ಕಾಯಿ ಬಲಿಯುವ ಮೊದಲೇ ಕೊಯ್ಯುವ ಪೈಪೋಟಿ, ಮಳೆಗಾಲದಲ್ಲಿ ಅದನ್ನು ಒಣಗಿಸಲು ರಾಶಿ ರಾಶಿ ಕಟ್ಟಿಗೆ. ಇದೇ ಹೊಳೆದಂಡೆಯ ಅಪ್ಪೆಮಿಡಿಗೂ ಅದೇ ಗತಿ ಬಂದಿತ್ತು. ಮಿಡಿ ಕೊಯ್ಯಲು ಟೊಂಗೆಯನ್ನೇ ಕಡಿದವರುಂಟು. ಹೊಳೆಯಂಚಿನ ಮರದ ಮಿಡಿಗೇ ಆ ಸೊನೆಯ ಪರಿಮಳ ಎಂದು ನಂಬಿದವರು ಈಗ ಕಸಿ ಗಿಡ ತಂದು ಮನೆಯ ಹಿಂದೆ ನೆಡುತ್ತಿದ್ದಾರೆ. ಉಪ್ಪಿನಕಾಯಿಯ ಭರಣಿಗೆ ಅದೂ ಆದೀತು.

ಬೆಣ್ಣೆಹೊಳೆ ಮೊದಲಾದ ಹಳ್ಳಗಳು ಅಲ್ಲಲ್ಲಿ ಸೇರಿಕೊಳ್ಳುತ್ತವೆ. ಯಾಣದ ಬಂಡೆಗಳ ಬುಡದಿಂದ ಬರುವ ಚಂಡಿಹೊಳೆ ಕೂಡುವುದು ಉಪ್ಪಿನಪಟ್ಟಣದಲ್ಲಿ. ಈ ಹೆಸರನ್ನು ಗಮನಿಸಬೇಕು. ಸಮುದ್ರದಿಂದ ಸುಮಾರು 25 ಕಿಲೋಮೀಟರ್ ಒಳಗೆ, ಬೆಟ್ಟಗಳ ನಡುವೆ ಇರುವ ಊರಿಗೆ ಉಪ್ಪಿನ ಹೆಸರು. ಭರತದ ನೀರು ಏರಿ ಬರುವುದು ಇಲ್ಲಿಯವರೆಗೆ. ಹೊಳೆ ಇಲ್ಲಿ ತಲೆ ತಗ್ಗಿಸಿ ಸಮುದ್ರದ ಮಾತು ಕೇಳತೊಡಗುತ್ತದೆ. ಇಲ್ಲಿಂದ ಕೆಳಗೆ ದಿನಕ್ಕೆ ಎರಡು ಸಲ ಏರಿಳಿತ, ವರ್ಷಕ್ಕೆ ಎರಡು ಕಾಲ: ಮಳೆಗಾಲದಲ್ಲಿ ಸಿಹಿನೀರಿನದು ಮೇಲುಗೈ, ಬೇಸಿಗೆಯಲ್ಲಿ ಉಪ್ಪುನೀರಿನದು.

ಬದುವಿನಾಚೆ ಉಪ್ಪು, ಈಚೆ ಭತ್ತ

ದೀವಗಿ, ಮಿರ್ಜಾನ, ಹೆಗಡೆ, ಮಾಸೂರು, ಲುಕ್ಕೇರಿ, ಮಾಣಿಕಟ್ಟಾ, ಕಾಗಾಲ, ಐಗಳಕುರ್ವೆ. ಈ ಊರುಗಳನ್ನು ತಾಲ್ಲೂಕಿನ ನಕಾಶೆಯಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ಭರತದ ಹೊತ್ತು ದೋಣಿಯಲ್ಲಿ ಕುಳಿತು ನೋಡಬೇಕು. ಕುರ್ವೆ ಎಂದರೆ ನಡುಗಡ್ಡೆ. ದಂಡೆಯುದ್ದಕ್ಕೂ ಬದು ಕಟ್ಟಿ, ಸಮುದ್ರಮಟ್ಟದಲ್ಲೇ ಉಳಿಸಿಕೊಂಡ ಗದ್ದೆಗಳಿಗೆ ಗಜನಿ ಎಂದು ಹೆಸರು. ಹಾಲಕ್ಕಿ ಒಕ್ಕಲಿಗರು, ಪಟಗಾರರು, ನಾಮಧಾರಿಗಳು, ಅಂಬಿಗರು, ಮುಕ್ರಿಗಳು, ಹರಿಕಂತ್ರರು ಹೀಗೆ ನೆಲದವರೂ ನೀರಿನವರೂ ಹತ್ತಿರ ಹತ್ತಿರ ಇರುವ ಊರುಗಳು. ಒಂದೇ ಮನೆಯಲ್ಲಿ ಕತ್ತಿಯೂ ಬಲೆಯೂ ಗೋಡೆಗೆ ತೂಗುವುದುಂಟು.

ಗಜನಿಯ ಭತ್ತ ಕಗ್ಗ. ಕೇರಳದ ಪೊಕ್ಕಾಳಿಯ ಹಾಗೆ ಉಪ್ಪು ತಡೆಯುವ ತಳಿ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಆದರೆ ಕಗ್ಗಕ್ಕೆ ಉಪ್ಪು ಇಷ್ಟ ಎಂದುಕೊಂಡರೆ ತಪ್ಪು. ಅದು ಉಪ್ಪನ್ನು ಸಹಿಸುತ್ತದೆ ಅಷ್ಟೆ. ಎಳೆ ಮೊಳಕೆಗೆ ಸಿಹಿನೀರೇ ಬೇಕು. ಜೂನ್ ಮಳೆ ಜೋರಾಗಿ ಸುರಿದು, ಘಟ್ಟದ ನೀರು ಇಳಿದು ಬಂದು, ಬೇಸಿಗೆಯಿಡೀ ಹೀರಿದ ಉಪ್ಪನ್ನು ಮಣ್ಣಿನಿಂದ ತೊಳೆಯಬೇಕು. ಆಮೇಲೆ ಮೊಳಕೆ ಕಟ್ಟಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ, ಹೊಳೆ ತಂದ ಗೋಡುಮಣ್ಣೇ ಗೊಬ್ಬರ. ಮೇಲಿನ ತೋಟದವ ತನ್ನ ಬೆಟ್ಟದಿಂದ ಕಳಕೊಂಡ ಮಣ್ಣು ಇಲ್ಲಿ ಇನ್ನೊಬ್ಬನ ಗದ್ದೆಯಲ್ಲಿ ಕೂತಿರುತ್ತದೆ.

ಇಡೀ ವ್ಯವಸ್ಥೆ ನಿಂತಿರುವುದು ಒಂದು ಬಾಗಿಲ ಮೇಲೆ. ಬದುವಿನಲ್ಲಿ ಕೂರಿಸಿದ ಆ ಹಲಗೆಬಾಗಿಲಿಗೆ ಜಂತ್ರಡಿ ಎನ್ನುತ್ತಾರೆ. ಇಳಿತದಲ್ಲಿ ತೆರೆದು ಗದ್ದೆಯ ಹೆಚ್ಚಿನ ನೀರನ್ನು ಹೊರಗೆ ಬಿಡಬೇಕು, ಭರತಕ್ಕೆ ಮುಚ್ಚಿ ಉಪ್ಪನ್ನು ಹೊರಗೇ ನಿಲ್ಲಿಸಬೇಕು. ರಾತ್ರಿ ಎರಡು ಗಂಟೆಗೆ ಇಳಿತವಾದರೆ ರಾತ್ರಿ ಎರಡಕ್ಕೇ ಏಳಬೇಕು. ಗಡಿಯಾರಕ್ಕಿಂತ ತಿಥಿ ಗೊತ್ತಿರುವುದು ಇಲ್ಲಿ ಹೆಚ್ಚು ಉಪಯೋಗ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಎಷ್ಟು ಏರುತ್ತದೆಂಬ ಅಂದಾಜು ಅದರಿಂದಲೇ. ಒಬ್ಬನ ಗದ್ದೆಯ ಬದು ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿ ಗಜನಿಯಲ್ಲಿ 'ನನ್ನ ಜಮೀನು ನನ್ನಿಷ್ಟ' ಎಂಬ ಮಾತು ನಡೆಯುವುದಿಲ್ಲ.

ಮಳೆ ಮುಗಿಯುವ ಹೊತ್ತಿಗೆ ಕೊಯ್ಲು. ಕೊಯ್ಯುವುದು ತೆನೆಯನ್ನು ಮಾತ್ರ, ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿ, ಮೀನಿನ ಮರಿಗಳಿಗೆ ಮೇವು. ಭತ್ತ ಮನೆ ಸೇರಿದ ಮೇಲೆ ಜಂತ್ರಡಿಯ ಕೆಲಸ ತಿರುಗುಮುರುಗು: ಭರತದ ನೀರನ್ನು ಒಳಗೆ ಬಿಟ್ಟುಕೊಂಡು ಮೀನು ಬೆಳೆಸುವುದು. ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಜಮೀನಿನ ಪ್ರಮಾಣದಲ್ಲಿ ಹಂಚಿಕೊಳ್ಳುವುದು ವಾಡಿಕೆ. ಒಂದೇ ಗದ್ದೆಯಲ್ಲಿ ಆರು ತಿಂಗಳು ಗಂಜಿ, ಆರು ತಿಂಗಳು ಪದಾರ್ಥ.

ಈ ತೂಕ ತಪ್ಪಿದ್ದು ಎರಡು ಸಲ. ಸರಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಮಣ್ಣಿನ ಬದುವಿನ ಬದಲು ಕಲ್ಲಿನ ಉದ್ದುದ್ದ ಒಡ್ಡು ಕಟ್ಟಿಸಿತು. ಒಡ್ಡು ಗಟ್ಟಿಯಾಯಿತು, ಊರಿನ ಹೊಣೆ ಸಡಿಲವಾಯಿತು. ಪ್ರತಿವರ್ಷ ಸೇರಿ ಬದು ಕಟ್ಟುತ್ತಿದ್ದವರು ಇಲಾಖೆಯ ಕಡೆ ನೋಡತೊಡಗಿದರು. ಆಮೇಲೆ 1990ರ ದಶಕದ ಸಿಗಡಿ ಹುಚ್ಚು. ಭತ್ತಕ್ಕಿಂತ ಸಿಗಡಿಗೆ ಹೆಚ್ಚು ಹಣ ಕಂಡಾಗ ಗುತ್ತಿಗೆದಾರನಿಗೆ ಮಳೆಗಾಲದಲ್ಲೂ ಉಪ್ಪುನೀರೇ ಬೇಕಾಯಿತು. ಬಿಳಿಚುಕ್ಕಿ ರೋಗ ಬಂದು ಸಿಗಡಿ ಸತ್ತ ಮೇಲೆ ಉಳಿದದ್ದು ಉಪ್ಪು ಕುಡಿದ ಬೀಳು ಗಜನಿ. ಕೆಲವು ಕಡೆ ಅದರಲ್ಲಿ ಕಾಂಡ್ಲಾ ಕಾಡು ಬೆಳೆದು ಹಕ್ಕಿಗಳಿಗೆ ಮನೆಯಾಯಿತು. ಮಾಣಿಕಟ್ಟೆಯಂಥ ಊರುಗಳಲ್ಲಿ ಛಲ ಹಿಡಿದು ಕಗ್ಗದ ಬೀಜ ಉಳಿಸಿಕೊಂಡವರಿಲ್ಲದಿದ್ದರೆ ಇಂದು ಈ ತಳಿಯ ಬಗ್ಗೆ ಬರೆಯುವಾಗ 'ಇತ್ತು' ಎಂದೇ ಬರೆಯಬೇಕಾಗಿತ್ತು.

ಇನ್ನು ಬಳಚು, ಅಂದರೆ ಚಿಪ್ಪುಮೀನು. ಇಳಿತದಲ್ಲಿ ಹೊಳೆಯ ನಡುವಿನ ದಿಬ್ಬ ತೇಲಿದಾಗ ಹೆಂಗಸರು, ಗಂಡಸರು ನೀರಿಗಿಳಿದು ಮರಳು ಕೆದಕಿ ಚಿಪ್ಪು ಹೆಕ್ಕುತ್ತಾರೆ. ಬಂಡವಾಳವಿಲ್ಲ, ಪಹಣಿ ಬೇಡ, ಬೇಕಾದದ್ದು ಬೆನ್ನು ಬಗ್ಗಿಸುವ ಶಕ್ತಿ. ಕುಮಟೆಯ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು, ನೇರವಾಗಿ ಇದರಲ್ಲಿ ತೊಡಗಿದವರು ಎರಡು ಸಾವಿರಕ್ಕೂ ಹೆಚ್ಚು ಜನ. ಭೂಮಿ ಇಲ್ಲದವರ ಜಮೀನು ಎಂದರೆ ಹೊಳೆಯ ಈ ತಳ. ಪಕ್ಕದಲ್ಲೇ ಸಾಣಿಕಟ್ಟೆಯ ಉಪ್ಪಿನಾಗರ. ಹೊಳೆ ಬದುಕಿಗೆ ಕೊಡುವುದರಲ್ಲಿ ಉಪ್ಪೂ ಸೇರಿದೆ.

ಬಳಚಿಗೂ ಒಂದು ಹದವಿದೆ. ಪೂರ್ತಿ ಉಪ್ಪೂ ಆಗದು, ಪೂರ್ತಿ ಸಿಹಿಯೂ ಆಗದು. ಇದಕ್ಕೆ ಸಾಕ್ಷಿ ಬೇಕೆಂದರೆ ದಕ್ಷಿಣಕ್ಕೆ ಹೊನ್ನಾವರಕ್ಕೆ ಹೋಗಬೇಕು. ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬರುವುದರಿಂದ ಅಳಿವೆಯ ಉಪ್ಪು ತೀರ ಕಡಿಮೆಯಾಗಿ, ಅಲ್ಲಿದ್ದ ಹಲವು ಜಾತಿಯ ಚಿಪ್ಪು ಇಲ್ಲವಾದವು ಎಂದು ಅದೇ ಸಂಶೋಧಕರು ದಾಖಲಿಸಿದ್ದಾರೆ. ಅಲ್ಲಿ ನೀರು ಕಡಿಮೆಯಾಗಿ ಕೆಟ್ಟದ್ದಲ್ಲ; ತಪ್ಪಿದ ಕಾಲದಲ್ಲಿ ಬಂದು ಕೆಟ್ಟದ್ದು. ಅಘನಾಶಿನಿಯಿಂದ ಮಳೆಗಾಲದ ನೀರನ್ನು ಮೇಲೆಯೇ ಎತ್ತಿಕೊಂಡರೆ ಆಗುವುದು ಇದರ ತಿರುಗು. ಜೂನಿನಲ್ಲಿ ಗಜನಿಯ ಉಪ್ಪು ತೊಳೆಯುವ ನೀರಿಗೆ ಬಲ ಸಾಲದು, ಭರತದ ಉಪ್ಪು ಉಪ್ಪಿನಪಟ್ಟಣದ ಆಚೆಗೂ ಏರೀತು. ಕುಮಟಾ, ಹೊನ್ನಾವರ ಪಟ್ಟಣಗಳಿಗೆ ಕುಡಿಯುವ ನೀರು ಹೋಗುವುದೂ ಇದೇ ಹೊಳೆಯ ಮರಾಕಲ್‌ನಿಂದ ಎಂಬುದನ್ನು ಮರೆಯಬಾರದು.

ಯೋಜನೆಗಳು ಬಂದು ಹೋಗುವುದು ಈ ಕಣಿವೆಗೆ ಅಭ್ಯಾಸವಾಗಿದೆ. ಮೇಲೆ ಜಲವಿದ್ಯುತ್ತಿನ ಮಾತು, ಕೆಳಗೆ ತದಡಿಯಲ್ಲಿ ಬೃಹತ್ ಉಷ್ಣಸ್ಥಾವರದ ಮಾತು, ಅದು ಹೋದ ಮೇಲೆ ಬಂದರಿನ ಮಾತು. ಈಗ ನೀರನ್ನು ಪೂರ್ವಕ್ಕೆ, ಚಿತ್ರದುರ್ಗ ಸೀಮೆಯ ವೇದಾವತಿಯ ಕಡೆಗೆ ತಿರುಗಿಸುವ ಮಾತು. ಇದರ ನಡುವೆ 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಳಿವೆಗೆ ಅಂತರರಾಷ್ಟ್ರೀಯ ಮಾನ್ಯತೆ ಕೊಟ್ಟು, ಅದನ್ನು ಅಳಿವೆಯನ್ನಾಗಿ ಮಾಡುವ ನೀರನ್ನು ಮೇಲೆಯೇ ತಿರುಗಿಸಲು ನೋಡುವುದು, ಬಾಣಂತಿಗೆ ಸನ್ಮಾನ ಮಾಡಿ ಊಟ ಕೊಡದೆ ಕಳಿಸಿದ ಹಾಗೆ. ಚಿತ್ರದುರ್ಗ ಸೀಮೆಯ ಬಾಯಾರಿಕೆ ನಿಜ. ಅದಕ್ಕೆ ಉತ್ತರವೂ ಬೇಕು. ಆದರೆ ಆ ಉತ್ತರದ ಲೆಕ್ಕದಲ್ಲಿ ಕಗ್ಗದ ಮೂಡೆ, ಬಳಚಿನ ಬುಟ್ಟಿ ಎರಡೂ ಸೊನ್ನೆ ಎಂದು ಬರೆದಿದ್ದರೆ ಲೆಕ್ಕವೇ ಸುಳ್ಳು.

ನನಗೆ ಕಾಡುವ ಸಂಗತಿ ಇನ್ನೊಂದಿದೆ. ಒಂದೇ ಹೊಳೆಯ ಈ ಎರಡು ಒಕ್ಕಲಿಗೆ ಪರಸ್ಪರ ಪರಿಚಯ ಕಡಿಮೆ. ಹಿಂದೆ ಅಡಿಕೆ ಸುಗ್ಗಿಗೆ ಕರಾವಳಿಯವರು ಘಟ್ಟ ಹತ್ತುತ್ತಿದ್ದರು. ಉಪ್ಪು, ಒಣಮೀನು ಮೇಲೆ ಬರುತ್ತಿತ್ತು, ಅಡಿಕೆ, ಮೆಣಸು ಕೆಳಗಿಳಿಯುತ್ತಿತ್ತು. ಈಗ ದೇವಿಮನೆ ಘಟ್ಟದ ರಸ್ತೆ ಅಗಲವಾಗಿದೆ, ಹೋಗಿಬರುವುದು ಹೆಚ್ಚಿದೆ, ಆದರೆ ಅದು ಆಸ್ಪತ್ರೆಗೆ, ಮದುವೆಗೆ, ಗೋಕರ್ಣದ ಕಡಲತೀರಕ್ಕೆ. ತನ್ನ ತೋಟದ ಬಸಿಗಾಲುವೆಯ ನೀರು ಯಾರ ಜಂತ್ರಡಿ ತಟ್ಟುತ್ತದೆ ಎಂದು ಶಿರಸಿಯ ರೈತ ಕೇಳಿದ್ದನ್ನು ನಾನು ಕಂಡಿಲ್ಲ. ಹೋರಾಟದ ಸಭೆಗಳೂ ಹೆಚ್ಚಾಗಿ ನಡೆಯುವುದು ಘಟ್ಟದ ಮೇಲೆ, ಮಠ ಮತ್ತು ಸಂಘಗಳ ಅಂಗಳದಲ್ಲಿ. ಅದು ತಪ್ಪಲ್ಲ, ಸಾಲದು.

ಆದ್ದರಿಂದ ಯೋಜನೆ ತರುವವರಲ್ಲೂ ತಡೆಯುವವರಲ್ಲೂ ಒಂದೇ ಕೋರಿಕೆ. ಈ ಹೊಳೆಯ ಬಗ್ಗೆ ಮುಂದಿನ ಸಭೆಯನ್ನು ಕೆಳಗೆ, ಗಜನಿಯ ಬದುವಿನ ಮೇಲೆ ಇಡಿ. ಹೊತ್ತು ಗೊತ್ತು ಮಾಡುವಾಗ ತಿಥಿ ನೋಡಿ, ಭರತದ ಹೊತ್ತಿಗೇ ಇಡಿ. ಇಳಿತದ ಹೊತ್ತಿಗೆ ಇಟ್ಟರೆ, ಮಾತಾಡಬೇಕಾದವರು ಬಳಚು ಹೆಕ್ಕಲು ಹೋಗಿರುತ್ತಾರೆ.